ಹಲ್ಲಿನಕ್ಕ ಮತ್ತು ಕೈಕಟ್ಟಿ ಕೂರುವ ವೀಸಾ

"ನಗಬೇಡಿ ಅಮ್ಮಾ. ಹಲ್ಲು ಕಾಣಬಾರದು," ಎಂದ ಫೋಟೋದವನು.

ಮೂವತ್ತೇಳು ವರ್ಷ ಊರಿನವರ ಹಲ್ಲು ಚೆನ್ನಾಗಿ ಕಾಣಲಿ ಎಂದೇ ಬೆನ್ನು ಬಗ್ಗಿಸಿದವಳಿಗೆ ಆ ಮಾತು ಕೇಳಿ ನಗು ತಡೆಯಲಾಗಲಿಲ್ಲ. ಫೋಟೋ ಹಾಳಾಯಿತು. ಪಕ್ಕದಲ್ಲಿ ನಿಂತಿದ್ದ ಗಂಡ, "ಲೇ, ಸ್ವಲ್ಪ ಗಂಭೀರವಾಗಿ ಕೂತ್ಕೊಳ್ಳೇ. ಇದು ವೀಸಾಕ್ಕೆ, ಮದುವೆಗಲ್ಲ," ಎಂದು ಕಣ್ಣು ಬಿಟ್ಟ. ಎರಡನೆಯದೂ ಹಾಳಾಯಿತು. ಮೂರನೆಯ ಸಲ ತುಟಿ ಬಿಗಿದು ಕೂತಳು. ಆ ಫೋಟೋದಲ್ಲಿ ಅವಳು ಯಾರ ಮೇಲೋ ದೂರು ಕೊಡಲು ಠಾಣೆಗೆ ಬಂದವಳಂತೆ ಕಾಣುತ್ತಾಳೆ. ಮುಂದೆ ನಡೆದದ್ದನ್ನು ನೆನೆದರೆ ಅದು ಸರಿಯಾದ ಫೋಟೋವೇ.

ಊರಿನವರ ಬಾಯಲ್ಲಿ ಅವಳು ಹಲ್ಲಿನಕ್ಕ. ಹಾಗೆಂದು ಡಾಕ್ಟರಲ್ಲ. ಡಾಕ್ಟರು ಬೀದಿಯ ಆ ತುದಿಯಲ್ಲಿ ಗಾಜಿನ ಬಾಗಿಲಿನ ಹಿಂದೆ ಇರುತ್ತಿದ್ದರು. ಹಲ್ಲು ಕೀಳುವುದು ಅವರ ಕೆಲಸ. ಕಿತ್ತ ಜಾಗಕ್ಕೆ ಹೊಸದನ್ನು ಕಟ್ಟುವುದು ಇವಳ ಕೆಲಸ. ಬೋಳು ವಸಡಿನ ಅಚ್ಚು ಅವರ ಕಡೆಯಿಂದ ಬರುತ್ತಿತ್ತು. ಅದಕ್ಕೆ ಪ್ಲಾಸ್ಟರ್ ಸುರಿದು ದವಡೆ ಮಾಡಿಕೊಂಡು, ದವಡೆಯ ಮೇಲೆ ಮೇಣದ ದಿಂಡು ಕೂರಿಸಿ, ಸ್ಪಿರಿಟ್ ದೀಪದಲ್ಲಿ ಪುಟ್ಟ ಚಾಕು ಕಾಯಿಸಿ, ಒಂದೊಂದೇ ಹಲ್ಲನ್ನು ಮೇಣದೊಳಗೆ ನಿಲ್ಲಿಸುವಳು. ನಿಲ್ಲಿಸಿ ಕತ್ತು ವಾರೆ ಮಾಡಿ ನೋಡುವಳು. ಮತ್ತೆ ತೆಗೆದು ಕೂದಲೆಳೆಯಷ್ಟು ತಿರುಗಿಸುವಳು.

ಅವಳದೊಂದು ಪದ್ಧತಿಯಿತ್ತು. ಹಲ್ಲು ಕಟ್ಟಿಸಿಕೊಳ್ಳುವವರು ಒಂದು ಸಲ ಅವಳ ಕೋಣೆಗೆ ಬರಲೇಬೇಕು, ಬರುವಾಗ ಹಳೆಯ ಫೋಟೋ ತರಬೇಕು, ಅದರಲ್ಲಿ ನಕ್ಕಿರಬೇಕು. ಸಾಲಾಗಿ, ಬಿಳಿಯಾಗಿ, ಒಂದೇ ಎತ್ತರಕ್ಕೆ ಜೋಡಿಸಿಕೊಡಿ ಎಂದವರಿಗೆ, "ಅದು ಹಲ್ಲಲ್ಲ ಸ್ವಾಮೀ, ಬೇಲಿ. ಬೇಲಿ ಬೇಕಾದರೆ ಬಡಗಿ ಹತ್ರ ಹೋಗಿ," ಎನ್ನುವಳು. ಪ್ರತಿಯೊಬ್ಬರ ಬಾಯಲ್ಲೂ ಒಂದು ಚೂರು ಅಂಕುಡೊಂಕು ಇದ್ದೇ ಇರುತ್ತದೆ; ಅವಳು ಅದನ್ನು ಹುಡುಕಿ ವಾಪಸ್ ಕೊಡುತ್ತಿದ್ದಳು. ಹಲ್ಲೆಲ್ಲ ಹೋಗಿ ಆರು ತಿಂಗಳು ಬಾಯಿಗೆ ಕರವಸ್ತ್ರ ಹಿಡಿದೇ ಓಡಾಡಿದ್ದ ಮುದುಕಿ ಟೀಚರೊಬ್ಬರು ಹೊಸ ಸೆಟ್ಟು ಹಾಕಿಕೊಂಡು ಕನ್ನಡಿ ನೋಡಿ, "ಅಯ್ಯೋ, ಇದು ನಾನೇ!" ಎಂದಿದ್ದರು. ಆ ಮಾತನ್ನು ಅವಳು ಯಾವ ಪದಕಕ್ಕೂ ಬದಲಿ ಕೊಡುತ್ತಿರಲಿಲ್ಲ.

ಕೋಣೆ ಚಿಕ್ಕದು. ಒಂದು ಗೋಡೆಯ ಉದ್ದಕ್ಕೂ ಕಪಾಟು. ಅದರಲ್ಲಿ ಪ್ಲಾಸ್ಟರ್ ದವಡೆಗಳು, ಕೆಳಗೆ ಚೀಟಿ: 'ಪೋಸ್ಟ್‌ಮನ್', 'ಬೇಕರಿ ಮಾವ', 'ನಾದಿನಿ, ಮೇಲಿನದು'. ಕಿಟಕಿಯ ಕೆಳಗೆ ಗಟ್ಟಿ ಮರದ ಬೆಂಚು. ಅದನ್ನು ಅವಳ ಗುರು, ಆ ಕಾಲದ ಹಲ್ಲುಕಟ್ಟುವ ಮೇಷ್ಟ್ರು, ಕೋಣೆಯೊಳಗೇ ಕೂತು ಮಾಡಿಸಿದ್ದು. ಎಡಬದಿಗೆ ಮೊಣಕೈ ಊರುವ ಕಡೆ ಮರ ಸವೆದು ಬಟ್ಟಲಿನಂತೆ ಕುಳಿ ಬಿದ್ದಿತ್ತು. ಅರ್ಧ ಸವೆತ ಮೇಷ್ಟ್ರದು, ಇನ್ನರ್ಧ ಇವಳದು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಪ್ಲಾಸ್ಟರ್ ಪುಡಿ ಗುಡಿಸಲು ಬಂದವಳಿಗೆ ಅವರು ಸಾಯುವ ಮುಂಚೆ ಕೋಣೆಯನ್ನೂ ಬೆಂಚನ್ನೂ ಬರೆದುಕೊಟ್ಟು ಹೋಗಿದ್ದರು. ಬೆಳಿಗ್ಗೆ ಬಂದು ಮೊಣಕೈಯನ್ನು ಆ ಕುಳಿಯಲ್ಲಿ ಇಟ್ಟರೆ ಅವಳಿಗೆ ದಿನ ಶುರುವಾದಂತೆ.

ಗಂಡ ರೈಲಿನಲ್ಲಿ ಟಿಕೆಟ್ ನೋಡುವ ಕೆಲಸದಲ್ಲಿದ್ದವನು. ಮೂವತ್ತೊಂದು ವರ್ಷ ಒಂದೇ ರೈಲು. ಬೆಳಿಗ್ಗೆ ಆರೂಕಾಲಿಗೆ ಹೊರಟರೆ ಹನ್ನೊಂದಕ್ಕೆ ಗಡಿ ಸ್ಟೇಷನ್. ಅಲ್ಲಿ ರೈಲು ಹದಿನೆಂಟು ನಿಮಿಷ ನಿಲ್ಲುವುದು. ಈಚೆಯ ಸಿಬ್ಬಂದಿ ಇಳಿಯುವುದು, ಆಚೆಯ ದೇಶದ ಸಿಬ್ಬಂದಿ ಹತ್ತುವುದು. ಆಚೆಯ ಟಿಕೆಟ್‌ನವನ ಕೈಕುಲುಕಿ, ಪ್ರಯಾಣಿಕರ ಪಟ್ಟಿ ಅವನಿಗೊಪ್ಪಿಸಿ, ಇವನು ಪ್ಲಾಟ್‌ಫಾರ್ಮಿನಲ್ಲಿ ಕೂತು ಬುತ್ತಿ ಬಿಚ್ಚುವನು. ರೈಲು ಎರಡು ಗುಡ್ಡಗಳ ನಡುವಿನ ತಿರುವಿನಲ್ಲಿ ಮರೆಯಾಗುವವರೆಗೆ ತುತ್ತು ಕೈಯಲ್ಲೇ ಇರುತ್ತಿತ್ತು.

"ತಿರುವು ದಾಟಿ ನಾಲ್ಕೇ ಗಂಟೆ ಕಣೇ, ಸಮುದ್ರ," ಎನ್ನುವನು. "ಮೂವತ್ತೊಂದು ವರ್ಷ ಬಾಗಿಲವರೆಗೂ ಹೋಗಿ ವಾಪಸ್ ಬಂದವನು ನಾನು."

"ರಜೆ ಹಾಕಿ ಹೋಗಿ ನೋಡ್ಕೊಂಡು ಬನ್ನಿ ಅಂತ ಎಷ್ಟು ಸಲ ಹೇಳಿಲ್ಲ?"

"ನೋಡ್ಕೊಂಡು ಬರೋದಾ? ಅಲ್ಲಿಂದಲೂ ವಾಪಸ್ ಬರೋದೇ ಆದ್ರೆ ಗಡಿ ಸ್ಟೇಷನ್ನೇ ಸಾಕು. ನನಗೆ ಒಂದು ಸಲ ಇಳೀದೆ ಹೋಗ್ಬೇಕು."

ಅವರಿಬ್ಬರ ಪರಿಚಯವಾದದ್ದು ಹಲ್ಲಿನಿಂದಲೇ. ಕೆಲಸಕ್ಕೆ ಸೇರಿದ ಹೊಸತರಲ್ಲಿ ರೈಲು ಗಕ್ಕನೆ ನಿಂತು ಅವನ ಮುಂದಿನ ಹಲ್ಲೊಂದು ಸೀಟಿನ ಕಬ್ಬಿಣಕ್ಕೆ ಬಡಿದು ಹೋಯಿತು. ಬಾಯಿಗೆ ಕೈ ಮುಚ್ಚಿಕೊಂಡೇ ಈ ಕೋಣೆಗೆ ಬಂದ. ನಗುವ ಫೋಟೋ ಇಲ್ಲ ಎಂದ. "ಹಾಗಾದ್ರೆ ಈಗಲೇ ನಗಿ," ಎಂದಳು. ಅವನು ಕೈ ತೆಗೆದ. ಆ ಒಂಟಿ ಹಲ್ಲಿಗೆ ನಾಲ್ಕು ಸಲ ಬಂದ. ಐದನೆಯ ಸಲ ತಾಯಿಯನ್ನು ಕರೆದುಕೊಂಡು ಬಂದ. ಮಕ್ಕಳಾಗಲಿಲ್ಲ. ಅವನು ಬಾಗಿಲವರೆಗೆ ಹೋಗಿ ಬರುತ್ತಿದ್ದ, ಅವಳು ಬೆಂಚಿನ ಮೇಲೆ ಊರಿನ ಬಾಯಿ ಕಟ್ಟುತ್ತಿದ್ದಳು. ಹೀಗೆ ಮೂವತ್ತೆರಡು ವರ್ಷ ಕಳೆದದ್ದು ಗೊತ್ತೇ ಆಗಲಿಲ್ಲ.

ಅವನು ನಿವೃತ್ತನಾದ ವರ್ಷ ದೊಡ್ಡ ಹೋಟೆಲೊಂದರ ಸಭಾಂಗಣದಲ್ಲಿ ವಿದೇಶವಾಸದ ಬಗ್ಗೆ ಉಚಿತ ಸಲಹೆ ಎಂಬ ಫಲಕ ಹಾಕಿದ್ದರು. ಇಬ್ಬರೂ ಹೋದರು. ಸಲಹೆಗಾರ ಮೂವತ್ತೈದರ ಒಳಗಿನವನು, ನೀಲಿ ಸೂಟಿನವನು, ಎರಡು ಮಾತಿಗೊಮ್ಮೆ ಕೈ ಉಜ್ಜುವವನು. ಪರದೆಯ ಮೇಲೆ ಸಮುದ್ರ ಬಂತು. ಗಂಡ ಕುರ್ಚಿಯ ತುದಿಗೆ ಸರಿದ.

"ಮೊದಲನೆಯದು ಹೂಡಿಕೆಯ ವೀಸಾ," ಎಂದ ಸಲಹೆಗಾರ. "ಅಲ್ಲೊಂದು ಮನೆಯನ್ನೋ ಕಟ್ಟಡವನ್ನೋ ಕೊಳ್ಳಬೇಕು. ಐದು ವರ್ಷ ಮಾರುವಂತಿಲ್ಲ." ಕನಿಷ್ಠ ಮೊತ್ತ ಪರದೆಯ ಮೇಲೆ ಬಂದಾಗ ಅರ್ಧ ಸಭೆ ಕೆಮ್ಮಿತು. ಗಂಡ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ.

"ಎರಡನೆಯದು ದೀರ್ಘವಾಸದ ವೀಸಾ. ಪಿಂಚಣಿ, ಬಾಡಿಗೆ, ಹೀಗೆ ತಾನಾಗಿ ಬರುವ ಆದಾಯ ತೋರಿಸಿದರೆ ಸಾಕು. ನಾವು ತಮಾಷೆಗೆ ಕೈಕಟ್ಟಿ ಕೂರುವ ವೀಸಾ ಅಂತೀವಿ. ಒಂದೇ ಷರತ್ತು: ಅಲ್ಲಿ ಯಾವ ಕೆಲಸವನ್ನೂ ಮಾಡುವಂತಿಲ್ಲ. ಅದೂ ಒಂದು ಷರತ್ತೇ ಹೇಳಿ!" ಸಭೆ ನಕ್ಕಿತು. ಗಂಡ ಮತ್ತೆ ತುದಿಗೆ ಬಂದ. ಮೂರನೆಯ ಪುಟ ಪರದೆಯ ಮೇಲೆ ಮಿಂಚಿ ಮಾಯವಾಯಿತು.

ಹಲ್ಲಿನಕ್ಕ ಕೈ ಎತ್ತಿದಳು. "ಒಂದು ಹಾರಿಸಿದಿರಲ್ಲ, ಅದೇನು?"

"ಅದು ನಿಮಗಲ್ಲ ಅಮ್ಮಾ. ಸ್ವಂತ ಕಸುಬಿನವರಿಗೆ. ಕ್ಷೌರದವರು, ಮಡಕೆ ಮಾಡುವವರು... ಕಾಗದಪತ್ರದ ರಗಳೆ, ಹತ್ತರಲ್ಲಿ ಒಬ್ಬರಿಗೂ ಸಿಗಲ್ಲ. ಗೌರವಸ್ಥರು ಯಾರೂ ಆ ದಾರಿ ಹಿಡಿಯಲ್ಲ."

"ನಾನು ಗೌರವಸ್ಥೆ ಅಂತ ನಿಮಗೆ ಯಾರು ಹೇಳಿದ್ದು? ನಾನು ಹಲ್ಲು ಕಟ್ಟುವವಳು."

ಗಂಡ ಮೆಲ್ಲಗೆ ಅವಳ ಮೊಣಕೈ ಚಿವುಟಿದ. ಅವಳು ಸುಮ್ಮನಾದಳು.

ಅಂದು ಸುಮ್ಮನಾದದ್ದು ಸೋತಲ್ಲ. ದಾರಿಯುದ್ದಕ್ಕೂ ಅವನು ಆ ಸಮುದ್ರದ ಬಗ್ಗೆಯೇ ಮಾತಾಡಿದ. ಮಾತಾಡುವಾಗ ಅವನ ಮುಖದಲ್ಲಿ ಮೂವತ್ತೆರಡು ವರ್ಷದ ಹಿಂದೆ ಬಾಯಿಂದ ಕೈ ತೆಗೆದ ಗಳಿಗೆಯ ಬೆಳಕಿತ್ತು. ಅದನ್ನು ಆರಿಸಲು ಅವಳಿಗೆ ಮನಸ್ಸು ಬರಲಿಲ್ಲ. ಅವನ ಪಿಂಚಣಿಯ ಜೊತೆಗೆ ಅವಳ ಕೋಣೆಯ ಬಾಡಿಗೆ ಸೇರಿದರೆ ಲೆಕ್ಕ ಸರಿಹೋಗುತ್ತಿತ್ತು. "ಆಗಲಿ," ಎಂದಳು. ಮೊಬೈಲ್ ಅಂಗಡಿಯವನೊಬ್ಬ ಬಂದು ಕೋಣೆ ಅಳೆದ. ಬೆಂಚಿನ ಮುಂದೆ ನಿಂತು, "ಇದು ಬಾಗಿಲಲ್ಲಿ ಹೋಗಲ್ಲ. ಒಡೆದು ಹಾಕೋಣ," ಎಂದು ಟೇಪು ಸುತ್ತಿಕೊಂಡ. ಅವಳು ಕುಳಿಯ ಮೇಲೆ ಅಂಗೈ ಮುಚ್ಚಿ ನಿಂತಿದ್ದಳು.

ಕೈಕಟ್ಟಿ ಕೂರುವುದನ್ನು ಅಭ್ಯಾಸ ಮಾಡಿಯೇ ನೋಡೋಣ ಎಂದು ಒಂದು ಭಾನುವಾರ ಮನೆಯ ಬಾಲ್ಕನಿಯಲ್ಲಿ ಕೂತಳು. ಪಕ್ಕದಲ್ಲಿ ಗಂಡ ಪತ್ರಿಕೆ ಮುಖದ ಮೇಲೆ ಹಾಕಿಕೊಂಡು ಸುಖವಾಗಿ ಒರಗಿದ್ದ. ಅವನಿಗೆ ಅದು ಬಂದ ವಿದ್ಯೆ. ಗಂಟೆಯ ನಂತರ ಅವನು ಕಣ್ಣು ಬಿಟ್ಟಾಗ ತಟ್ಟೆಯಂಚಿನಲ್ಲಿ, ಬ್ರೆಡ್ಡಿನ ತಿರುಳನ್ನು ಹಿಸುಕಿ ಮಾಡಿದ ಎರಡು ದವಡೆಹಲ್ಲು, ಒಂದು ಕೋರೆಹಲ್ಲು ಸಾಲಾಗಿ ನಿಂತಿದ್ದವು.

"ಏನೇ ಇದು?"

"ನಾನು ಮಾಡಲಿಲ್ಲ. ಕೈ ಮಾಡ್ತು."

ಸಂಜೆ ಬಂದ ನಾದಿನಿ ಅದನ್ನು ನೋಡಿ ಮೂಗು ಮುರಿದಳು. ಅವಳು ಗಂಡನ ಅಕ್ಕ. ತಮ್ಮನ ಮನೆಯ ಯಾವ ವಿಷಯವೂ ತನ್ನನ್ನು ದಾಟಿ ಹೋಗಬಾರದು ಎಂಬುವವಳು. "ಇನ್ನಾದ್ರೂ ಈ ಗಲೀಜು ತಪ್ಪುತ್ತೆ ಬಿಡು. ಹೋಗಿ ಬಂದು ಕಂಡೋರ ಬಾಯಿಗೆ ಕೈ ಹಾಕೋದು, ಅದೂ ಒಂದು ಕೆಲಸವಾ?"

"ನಿಮ್ಮ ಬಾಯಿಗೂ ನಾನೇ ಹಾಕಿದ್ದು, ಮರೀಬೇಡಿ. ಅದಕ್ಕೇ ಇಷ್ಟು ಸ್ಪಷ್ಟವಾಗಿ ಬೈಯೋಕಾಗ್ತಿರೋದು."

ನಾದಿನಿ ಬಾಯಿ ಮುಚ್ಚಿದಳು. ಮೇಲಿನ ಸಾಲು, ಕೆಳಗಿನ ಸಾಲು ಎಷ್ಟು ಚೆನ್ನಾಗಿ ಕೂತಿದ್ದವೆಂದರೆ ಟಕ್ ಎಂಬ ಸದ್ದೂ ಬರಲಿಲ್ಲ.

ವೀಸಾ ಕಚೇರಿಯಲ್ಲಿ ಟೋಕನ್ನು, ನೆಲದ ಮೇಲೆ ಹಳದಿ ಗೆರೆ, ದಪ್ಪ ಗಾಜು, ಗಾಜಿನ ಕೆಳಗೆ ಕಾಗದ ತೂರಿಸುವಷ್ಟು ಸಂದು. ಕಿಟಕಿಯ ಆಚೆ ಕೂತಿದ್ದ ಅಧಿಕಾರಿ ಹೆಂಗಸು ಕಡತದ ಕೊನೆಯ ಹಾಳೆಯನ್ನು ಸಂದಿನಿಂದ ಈಚೆಗೆ ತಳ್ಳಿದಳು. "ಇಬ್ಬರೂ ಒಬ್ಬೊಬ್ಬರಾಗಿ ಗಟ್ಟಿಯಾಗಿ ಓದಿ, ನನ್ನ ಮುಂದೆ ಸಹಿ ಮಾಡಿ."

ಗಂಡ ರೈಲಿನ ಗಂಟಲಲ್ಲಿ ಓದಿ ಮುಗಿಸಿ, ಸಹಿಯ ಕೆಳಗೆ ಎರಡು ಗೆರೆ ಎಳೆದ. ಅವಳು ಓದತೊಡಗಿದಳು. "'ಆ ದೇಶದಲ್ಲಿ ಇರುವಷ್ಟು ಕಾಲ ಕೂಲಿಗಾಗಲಿ, ಲಾಭಕ್ಕಾಗಲಿ, ಉಚಿತವಾಗಿಯಾಗಲಿ, ನನ್ನ ಕಸುಬಿನ ಯಾವ ಕೆಲಸವನ್ನೂ...'" ನಿಲ್ಲಿಸಿದಳು. "ಒಂದು ಮಾತು ಕೇಳಲಾ?"

"ಕೇಳಿ."

"ಪಕ್ಕದ ಮನೆಯವರ ಹಲ್ಲಿನ ಸೆಟ್ಟು ಕೈಜಾರಿ ಬಿತ್ತು. ಎರಡು ತುಂಡಾಯ್ತು. ಆಗ?"

"ರಿಪೇರಿಯವರ ಹತ್ರ ಹೋಗ್ತಾರೆ."

"ರಜಾ ದಿನ ಬಿದ್ರೆ? ಮಾರನೇ ದಿನ ಅವರ ಮೊಮ್ಮಗಳ ಮದುವೆ ಇದ್ರೆ?"

ಅಧಿಕಾರಿ ಕನ್ನಡಕ ತೆಗೆದಳು. "ನೀವು ಮಾಡುವಂತಿಲ್ಲ ಅಮ್ಮಾ."

"ದುಡ್ಡು ತಗೊಳ್ಳದೆ?"

"ತಗೊಳ್ಳದೆಯೂ."

"ಹಾಗಾದ್ರೆ ನಾನು ಮಾಡೇ ಮಾಡ್ತೀನಿ. ಬರ್ಕೊಳ್ಳಿ."

"ಮೇಡಂ, ಅವಳು ತಮಾಷೆ ಮಾಡ್ತಾಳೆ," ಎಂದು ಗಂಡ ಗಾಜಿಗೆ ಮೂಗು ತಾಗುವಂತೆ ಮುಂದೆ ಬಂದ. "ಬಾಯಲ್ಲಿ ಹಾಗಂತಾಳೆ ಅಷ್ಟೇ."

"ತಮಾಷೆನಾ ಅಮ್ಮಾ?"

ಅವಳು ಗಂಡನ ಮುಖ ನೋಡಿದಳು. ಅವನ ಕಣ್ಣಿನಲ್ಲಿ ಮೂವತ್ತೊಂದು ವರ್ಷದ ತಿರುವಿತ್ತು. ಒಂದು ಸಹಿ ಸಾಕಾಗಿತ್ತು. ಆದರೆ ಪೆನ್ನು ಹಿಡಿದ ಕೈ ಅವಳದೇ ಆಗಿತ್ತು, ಆ ಹಾಳೆ ಆ ಕೈಯ ಬಗ್ಗೆಯೇ ಸುಳ್ಳು ಹೇಳು ಎನ್ನುತ್ತಿತ್ತು. "ಅಲ್ಲ," ಎಂದಳು. "ತಮಾಷೆ ಅಲ್ಲ." ಪೆನ್ನಿಗೆ ಮುಚ್ಚಳ ಹಾಕಿ ಸಂದಿನಿಂದ ವಾಪಸ್ ತಳ್ಳಿದಳು.

ಮೂರು ವಾರಕ್ಕೆ ಪತ್ರ ಬಂತು. ದಂಪತಿಯ ಕಡತ ಒಂದೇ ಆದ್ದರಿಂದ ಇಬ್ಬರಿಗೂ ನಿರಾಕರಣೆ. ಕಾರಣವನ್ನು ಒಂದೇ ಸಾಲಿನಲ್ಲಿ ಬರೆದಿದ್ದರು: 'ಅರ್ಜಿದಾರರು ಯಾವ ಪರಿಸ್ಥಿತಿಯಲ್ಲೂ ತಮ್ಮ ಕಸುಬನ್ನು ಬಿಡುವುದಿಲ್ಲವೆಂದು ಅಧಿಕಾರಿಯ ಮುಂದೆ ಸ್ಪಷ್ಟವಾಗಿ ಹೇಳಿರುತ್ತಾರೆ.'

ಗಂಡ ಪತ್ರವನ್ನು ಎರಡು ಸಲ ಓದಿದ. "ಒಂದು ಸುಳ್ಳು ಕಣೇ. ಒಂದೇ ಒಂದು ಸುಳ್ಳು ಹೇಳೋಕಾಗ್ಲಿಲ್ವಾ ನಿನಗೆ? ಟಿಕೆಟ್ ಇಲ್ದೋರು ದಿನಕ್ಕೆ ಹತ್ತು ಹೇಳ್ತಿದ್ರು ನನಗೆ!"

"ಅವರನ್ನ ನೀವು ಮುಂದಿನ ಸ್ಟೇಷನ್ನಲ್ಲಿ ಇಳಿಸ್ತಿದ್ರಿ ತಾನೇ?"

ಅವನಿಗೆ ಸಿಟ್ಟು ನೆತ್ತಿಗೇರಿತು. ಬಾಯಿಗೆ ಕೈ ಹಾಕಿ, ಅವಳು ಕಟ್ಟಿಕೊಟ್ಟ ಮುಂದಿನ ಒಂಟಿ ಹಲ್ಲನ್ನು, ಅಂಗುಳಿಗೆ ಅಂಟಿ ಕೂರುವ ಅದರ ಪುಟ್ಟ ತಗಡಿನ ಸಮೇತ ಕಿತ್ತು ಮೇಜಿನ ಮೇಲೆ ಕುಕ್ಕಿದ. "ತಗೋ! ನಿನ್ನ ಹಲ್ಲು ನಿನಗೇ ಇರಲಿ! ಬೇಡ ನನಗೆ!" ಹಲ್ಲಿಲ್ಲದ ಸಂದಿನಿಂದ ಮಾತು ಗಾಳಿಯಾಗಿ ಹೊರಬಂತು, ಬೈದದ್ದರಲ್ಲಿ ಅರ್ಧ ಊದಿದಂತೆ ಕೇಳಿಸಿತು. ನಗಬಾರದ ಹೊತ್ತು. ಅವಳು ಹಲ್ಲು ಕಚ್ಚಿ ನಗು ತಡೆದಳು.

ಮಾರನೆಯ ದಿನ ನಿರಾಕರಣೆಯ ಪತ್ರವನ್ನು ಬೆಂಚಿನ ಮೇಲಿನ ಗೋಡೆಗೆ ಗುಂಡುಸೂಜಿಯಿಂದ ಸಿಕ್ಕಿಸಿದಳು. ದಿನವಿಡೀ ಕೆಲಸ ಮಾಡುತ್ತಾ ಆ ಸಾಲನ್ನು ಓದಿದಳು. ಓದಿದಷ್ಟೂ ಅದು ತನ್ನನ್ನು ಯಾರೋ ಸರಿಯಾಗಿ ಕಂಡು ಬರೆದ ಪ್ರಶಂಸಾಪತ್ರದಂತೆ ಕಾಣತೊಡಗಿತು. ಸಂಜೆ ಅದನ್ನು ಕಿತ್ತು ಚೀಲಕ್ಕೆ ಹಾಕಿಕೊಂಡು ನೀಲಿ ಸೂಟಿನವನ ಕಚೇರಿಗೆ ಹೋದಳು.

"ಆ ಮೂರನೇ ಪುಟ ತೆಗೀರಿ," ಎಂದಳು.

"ಅಮ್ಮಾ, ಒಂದು ಸಲ ನಿರಾಕರಣೆ ಆಗಿದೆ. ಈ ಪತ್ರ ಯಾರಿಗೂ ತೋರಿಸ್ಬೇಡಿ."

"ಮೊದಲ ಹಾಳೆಯಾಗಿ ಇಡೋದೇ ಇದನ್ನ. ಇಷ್ಟು ಖಡಾಖಂಡಿತವಾಗಿ ನನ್ನ ಕಸುಬಿನ ಬಗ್ಗೆ ಸರ್ಕಾರವೇ ಬರೆದುಕೊಟ್ಟಿರುವಾಗ ನೀವ್ಯಾಕೆ ಬೆವರ್ತೀರಿ?"

ಅವನು ಮೊದಲ ಬಾರಿಗೆ ಕೈ ಉಜ್ಜುವುದನ್ನು ಬಿಟ್ಟು ಅವಳನ್ನು ನೋಡಿದ. ಮೂರನೆಯ ಪುಟ ತೆಗೆದ. ಐದು ವರ್ಷಕ್ಕೆ ಮೇಲ್ಪಟ್ಟ ಅನುಭವದ ಸಾಕ್ಷಿ ಬೇಕು. ಅದನ್ನು ಡಾಕ್ಟರು ಬರೆದುಕೊಡುವರು. ಕೆಲಸದ ಮಾದರಿ ಬೇಕು. ಅದು ಕಪಾಟಿನ ತುಂಬ ಇತ್ತು. ಆರಂಭದ ತಿಂಗಳುಗಳಿಗೆ ಆಧಾರ ಬೇಕು. ಕೋಣೆಯ ಬಾಡಿಗೆ ಅದಕ್ಕಾಯಿತು. ಕೊನೆಯದಕ್ಕೆ ಬಂದು ಅವನು ಪೆನ್ನು ಕೆಳಗಿಟ್ಟ. ಈ ಕಸುಬು ತಮಗೆ ಬೇಕಾಗಿದೆ ಎಂದು ಆಚೆಯ ಊರಿನವರೊಬ್ಬರು ಬರೆದುಕೊಡಬೇಕು. "ಅಲ್ಲಿ ನಿಮಗೆ ಯಾರು ಗೊತ್ತು?"

ಯಾರೂ ಗೊತ್ತಿರಲಿಲ್ಲ. ಮನೆಗೆ ಬಂದು ಗಂಡನಿಗೆ ಎಲ್ಲವನ್ನೂ ಹೇಳಿದಳು, ಆ ಕೊನೆಯ ಪತ್ರ ಸೇರಿಸಿ. ಅವನು ಗೋಡೆಗೆ ಮುಖ ಮಾಡಿ ಮಲಗಿದ್ದ. ಎರಡು ದಿನದಿಂದ ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿ ನುಂಗುತ್ತಿದ್ದ. ಹಲ್ಲು ಮೇಜಿನ ಮೇಲೆ, ಒಂದು ಲೋಟದ ನೀರಿನಲ್ಲಿತ್ತು.

ಆ ರಾತ್ರಿಯೇ ಅವಳು ಅದನ್ನು ಕೋಣೆಯ ಬೆಂಚಿಗೆ ಒಯ್ದು ದೀಪದ ಬೆಳಕಿಗೆ ಹಿಡಿದಳು. ಅವಳ ಕೈಯಿಂದ ಹೊರಬಿದ್ದ ಮೊದಲ ಒಳ್ಳೆಯ ಕೆಲಸ ಅದು. ಆದರೆ ಈಗ ನೋಡಿದರೆ ಎಲ್ಲಿಯದೋ ಎನ್ನುವಷ್ಟು ಬಿಳಿ. ಅವನ ಉಳಿದ ಹಲ್ಲುಗಳು ಚಹಾ ಕುಡಿದು, ಬುತ್ತಿ ಉಂಡು, ಅವನ ಜೊತೆಗೇ ಹಣ್ಣಾಗಿದ್ದವು. ಇದೊಂದು ಮಾತ್ರ ಅವನ ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲೇ ನಿಂತುಬಿಟ್ಟಿತ್ತು. ತಾನು ಕಟ್ಟಿದ ಹಲ್ಲನ್ನು ಮೂವತ್ತೆರಡು ವರ್ಷ ದಿನವೂ ಎದುರಿಗೆ ಕಂಡೂ ತಾನು ನೋಡಿರಲಿಲ್ಲ. ಅವಳು ಕಪಾಟಿನಿಂದ 'ಇವರು' ಎಂಬ ಚೀಟಿಯ ದವಡೆ ಇಳಿಸಿದಳು. ತುಸು ಹಳದಿ ಬೆರೆತ ಬಣ್ಣದ ಹಲ್ಲು ಆರಿಸಿ, ಅಂಚು ತೇದು ಸವೆಸಿ, ಮೊದಲಿನಂತೆಯೇ ಒಂದು ಚೂರು ಒಳಕ್ಕೆ ವಾಲಿಸಿ ಮೇಣದಲ್ಲಿ ನಿಲ್ಲಿಸಿದಳು. ಬುಡದ ಹತ್ತಿರ ಚಹಾದ ಒಂದು ನವಿರು ಗೆರೆಯನ್ನೂ ಎಳೆದಳು.

ಮೂರನೆಯ ದಿನ ಬೆಳಿಗ್ಗೆ ಬ್ರೆಡ್ಡಿನ ತಟ್ಟೆಯಲ್ಲಿ ಚಮಚದ ಪಕ್ಕ ಅದನ್ನಿಟ್ಟಳು. ಅವನು ಹಾಕಿಕೊಂಡು ಕನ್ನಡಿಯ ಮುಂದೆ ಬಹಳ ಹೊತ್ತು ನಿಂತ. ಆಮೇಲೆ ಶರ್ಟು ತೊಟ್ಟು, ನಿವೃತ್ತರ ರೈಲು ಪಾಸು ಜೇಬಿಗಿಳಿಸಿ ಹೊರಟುಹೋದ.

ಸಂಜೆ ಬಂದವನು ಮಡಚಿದ ಕಾಗದವೊಂದನ್ನು ಬೆಂಚಿನ ಮೇಲಿಟ್ಟ. ಗಡಿ ಸ್ಟೇಷನ್ನಿಗೆ ಹೋಗಿದ್ದ. ಹದಿನೆಂಟು ನಿಮಿಷದೊಳಗೆ ಆಚೆಯ ಟಿಕೆಟ್‌ನವನನ್ನು ಹಿಡಿದು ಕೂರಿಸಿ ಬರೆಸಿಕೊಂಡು ಬಂದಿದ್ದ. ಕಾಗದದಲ್ಲಿ ಇಷ್ಟಿತ್ತು: ಸಮುದ್ರದಂಚಿನ ತಮ್ಮ ಊರಿನಲ್ಲಿ ಹಲ್ಲು ಕಟ್ಟುತ್ತಿದ್ದ ಮುದುಕ ತೀರಿಕೊಂಡು ಎರಡು ವರ್ಷವಾಯಿತು. ಹಲ್ಲಿನ ಸೆಟ್ಟು ಬೇಕಾದರೆ ಎರಡು ಗಂಟೆ ಪ್ರಯಾಣ. ತನ್ನ ಹೆಂಡತಿಯೇ ಒಂದು ವರ್ಷದಿಂದ ಗಂಜಿ ಕುಡಿಯುತ್ತಿದ್ದಾಳೆ, ನಗುವುದನ್ನೂ ಬಿಟ್ಟಿದ್ದಾಳೆ. ಈ ಹೆಂಗಸು ಬಂದರೆ ಊರಿಗೆ ಉಪಕಾರ. ಕೆಳಗೆ ಸಹಿ, ರೈಲಿನ ಮೊಹರು.

"ರೈಲಿನ ಮೊಹರು ಯಾಕ್ರೀ?"

"ಇರಲಿ ಅಂತ ಹಾಕಿಸ್ದೆ. ಮೊಹರು ಅಂದ್ರೆ ಎಲ್ರಿಗೂ ಸ್ವಲ್ಪ ಭಯ."

ಈ ದಾರಿಯಲ್ಲಿ ಮುಖ್ಯ ಅರ್ಜಿದಾರಳು ಅವಳು. ಗಂಡನಿಗೆ ಬೇರೆಯದೇ ಹಾಳೆ. ಅದರ ತಲೆಯ ಮೇಲೆ ದಪ್ಪಕ್ಷರದಲ್ಲಿ 'ಅವಲಂಬಿತ' ಎಂದಿತ್ತು. ಅವನ ಪೆನ್ನು ಅಲ್ಲೇ ನಿಂತಿತು. "'ಮುಖ್ಯ ಅರ್ಜಿದಾರರ ಆಸರೆಯಲ್ಲಿ ವಾಸಿಸುತ್ತೇನೆ' ಅಂತೆ. ಏನೇ ಇದು, ಮರ್ಯಾದೆ ಇಲ್ವಾ ಇವರಿಗೆ?"

ಅಂದು ಕೋಣೆಯಲ್ಲೇ ಇದ್ದ ನಾದಿನಿಗೆ ಅಷ್ಟೇ ಸಾಕಾಯಿತು. "ನೋಡೋ ತಮ್ಮಾ, ಈ ವಯಸ್ಸಲ್ಲಿ ಹೆಂಡ್ತಿ ಸೆರಗು ಹಿಡ್ಕೊಂಡು ಹೋಗ್ತೀಯಾ? ಜನ ಏನಂತಾರೆ?"

ಹಲ್ಲಿನಕ್ಕ ಎದ್ದು ಕಪಾಟಿನ ಡಬ್ಬದಿಂದ ಅವನ ಹಳೆಯ ರೈಲ್ವೆ ಕುಟುಂಬ ಪಾಸು ತಂದು ಹಾಳೆಯ ಪಕ್ಕದಲ್ಲಿಟ್ಟಳು. ಅದರಲ್ಲಿ ಅವಳ ಹರೆಯದ ಫೋಟೋ. ಫೋಟೋದ ಕೆಳಗೆ ಅದೇ ಪದ, ಸ್ತ್ರೀಲಿಂಗದಲ್ಲಿ.

"ಮೂವತ್ತೊಂದು ವರ್ಷ ರೈಲಿನವರು ನನ್ನನ್ನ ಹೀಗೇ ಕರೆದರು," ಎಂದಳು. "ಬೆಳಗಿಂದ ಸಂಜೆವರೆಗೆ ಈ ಬೆಂಚಿನ ಮುಂದೆ ದುಡೀತಿದ್ದಾಗಲೂ. ನಾನೇನು ಕರಗಿ ಹೋದ್ನಾ? ಸಹಿ ಹಾಕ್ರೀ."

ಅವನು ಪಾಸನ್ನು ತಿರುಗಿಸಿ ನೋಡಿದ. ಅಷ್ಟು ವರ್ಷ ಊರಿನವರ ಟಿಕೆಟ್ಟುಗಳನ್ನೆಲ್ಲ ಓದಿದವನು ಇದೊಂದನ್ನು ಓದಿಯೇ ಇರಲಿಲ್ಲ. ಅಕ್ಕನ ಕಡೆಗೆ ತಿರುಗಿ, "ಸೆರಗು ಹಿಡ್ಕೊಂಡೇ ಹೋಗ್ತೀನಿ ಕಣಕ್ಕಾ. ಸಮುದ್ರದ ಗಾಳಿ ಜೋರಂತೆ, ಹಾರಿ ಹೋಗ್ಬಾರ್ದಲ್ಲ," ಎಂದು ಸಹಿ ಮಾಡಿದ. ಕೆಳಗೆ ಎರಡು ಗೆರೆ ಎಳೆಯುವುದನ್ನು ಮರೆಯಲಿಲ್ಲ.

ಗಾಜಿನ ಆಚೆ ಅದೇ ಅಧಿಕಾರಿ ಇದ್ದಳು. ಮೊದಲ ಹಾಳೆಯಾಗಿ ತಾನೇ ಕಾರಣವಾದ ನಿರಾಕರಣೆಯನ್ನು ಕಂಡು ಹುಬ್ಬೇರಿಸಿದಳು. "ಇದನ್ನ ಯಾಕೆ ಲಗತ್ತಿಸಿದ್ದೀರಿ?"

"ಅನುಭವದ ಸಾಕ್ಷಿ," ಎಂದಳು ಹಲ್ಲಿನಕ್ಕ. "ಕೇಳಿದ್ದಿರಲ್ಲ."

ಅಧಿಕಾರಿ ಆ ಹಾಳೆಯನ್ನು ತೆಗೆಯಲಿಲ್ಲ. ಎಲ್ಲದರ ಜೊತೆ ಸೇರಿಸಿ ಪಿನ್ನು ಹೊಡೆದಳು. ಉತ್ತರ ಬರಲು ಐದು ತಿಂಗಳು ಹಿಡಿಯಿತು. ಆ ಐದು ತಿಂಗಳು ಅವಳು ಒಂದು ದಿನವೂ ಕೋಣೆಯ ಬಾಗಿಲು ಮುಚ್ಚಲಿಲ್ಲ. ಸಿಗದೇ ಹೋದರೆ ಎಂದು ಕೇಳಿದವರಿಗೆ, "ಸಿಗದಿದ್ರೆ ನಾಲ್ಕನೇ ಪುಟ ಹುಡುಕ್ತೀನಿ," ಎನ್ನುತ್ತಿದ್ದಳು. ಸಿಕ್ಕಿತು.

ಮೊಬೈಲ್ ಅಂಗಡಿಯವನು ಸುತ್ತಿಗೆ ತಂದಿದ್ದ. "ಗೋಡೆ ನಿಮ್ಮದು, ಬೆಂಚು ನನ್ನದು. ದೂರ ನಿಲ್ಲಿ," ಎಂದಳು. ಮೇಷ್ಟ್ರು ಅದಕ್ಕೆ ಒಂದೂ ಮೊಳೆ ಹೊಡೆಸಿರಲಿಲ್ಲ, ಎಲ್ಲ ಮರದ ಬೆಣೆ. ಅದು ಅವಳಿಗಷ್ಟೇ ಗೊತ್ತಿತ್ತು. ಒಂದೊಂದೇ ಬೆಣೆಯನ್ನು ಮೆಲ್ಲಗೆ ತಟ್ಟಿ ಹೊರಡಿಸಿದಳು. ಒಡೆ ಎಂದರೆ ಜಗ್ಗದ ಬೆಂಚು ಬಿಚ್ಚು ಎಂದರೆ ಆರು ತುಂಡಾಗಿ ಬಾಗಿಲಿನಿಂದ ಹೊರಬಂತು. ಹೊರಡುವ ದಿನ ಬೀದಿಯ ಅರ್ಧ ಜನ ಸ್ಟೇಷನ್ನಿಗೆ ಬಂದಿದ್ದರು. ಅಷ್ಟೂ ಜನರ ಬಾಯಲ್ಲಿ ಅವಳ ಕೈಕೆಲಸವಿತ್ತು. ನಾದಿನಿ ಎಲ್ಲರಿಗಿಂತ ಗಟ್ಟಿಯಾಗಿ ಅತ್ತಳು. "ಮೇಲಿನದು ಸಡಿಲಾದ್ರೆ ಯಾರ ಹತ್ರ ಹೋಗ್ಲೇ ನಾನು?"

"ಆ ರೈಲು ದಿನಾ ಇದೆ. ಬನ್ನಿ."

ಹನ್ನೊಂದಕ್ಕೆ ಗಡಿ ಸ್ಟೇಷನ್ ಬಂತು. ರೈಲು ನಿಂತದ್ದೇ ಗಂಡ ಎದ್ದುಬಿಟ್ಟ. ಬಾಗಿಲವರೆಗೂ ಹೋದ; ಮೂವತ್ತೊಂದು ವರ್ಷ ಅಲ್ಲೇ ಇಳಿದ ಕಾಲು ಹೇಳದೆ ಕೇಳದೆ ನಡೆಯಿತು. ಮೆಟ್ಟಿಲ ಮೇಲೆ ಒಂದು ಪಾದ ಇಟ್ಟು ಪ್ಲಾಟ್‌ಫಾರ್ಮಿನ ಆ ಹಳೆಯ ಬೆಂಚನ್ನು ನೋಡುತ್ತ ನಿಂತ. ಅವಳು ಕರೆಯಲಿಲ್ಲ. ಅವನು ಪಾದ ಹಿಂದಕ್ಕೆ ತೆಗೆದುಕೊಂಡು, ಬಂದು ಅವಳ ಪಕ್ಕ ಕೂತ.

ಸುಂಕದವನೊಬ್ಬ ಹತ್ತಿ ಅವರ ದೊಡ್ಡ ಪೆಟ್ಟಿಗೆ ತೆರೆಸಿದ. ಹುಲ್ಲಿನ ನಡುವೆ ಪ್ಲಾಸ್ಟರ್ ದವಡೆಗಳು ಸಾಲುಸಾಲಾಗಿ ಬಾಯಿ ತೆರೆದಿದ್ದವು. ಅವನು ಒಂದು ಹೆಜ್ಜೆ ಹಿಂದೆ ಸರಿದ. "ಇವೆಲ್ಲ ಯಾರು?"

"ನಮ್ಮ ಊರಿನವರು," ಎಂದಳು.

ಅವನು ಮುಚ್ಚಳ ಮುಚ್ಚಿದ. ಹಿಂದೆಯೇ ಆಚೆಯ ಟಿಕೆಟ್‌ನವನು ಬಂದ. ಬೋಳುತಲೆ, ದೊಡ್ಡ ಮೀಸೆ, ಇಷ್ಟು ವರ್ಷ ಕೈಕುಲುಕಿದ ಕೈ. ಗಂಡನನ್ನು ಸೀಟಿನಲ್ಲಿ ಕಂಡು ಅವನ ಮುಖ ಅರಳಿತು; ಆದರೆ ಕೆಲಸ ಕೆಲಸವೇ. ನೆಟ್ಟಗೆ ನಿಂತು, "ವಾಸದ ಪರವಾನಗಿ?" ಎಂದ.

"ಅವಳ ಹತ್ರ ಇದೆ," ಎಂದ ಗಂಡ. "ನಾನು ಅವಳ ಜೊತೆಯವನು."

ಹೇಳಿ ನಕ್ಕ. ಹೊಸ ಹಲ್ಲು ಉಳಿದವುಗಳ ನಡುವೆ ಯಾವುದೆಂದು ತಿಳಿಯದಷ್ಟು ಹೊಂದಿಕೊಂಡಿತ್ತು. ರೈಲು ಚಲಿಸಿತು. ಅವನು ಕಿಟಕಿಗೆ ಹಣೆ ಒತ್ತಿ ತಿರುವನ್ನೇ ಕಾಯತೊಡಗಿದ. ಅವಳು ಮಾತ್ರ ಕಿಟಕಿ ನೋಡಲಿಲ್ಲ. ಟಿಕೆಟ್‌ನವನ ಕೈಗೆ ಕಾಗದ ಕೊಡುತ್ತಾ ಕೇಳಿದಳು:

"ನಿಮ್ಮ ಮನೆಯವರು ನಕ್ಕಿರುವ ಹಳೇ ಫೋಟೋ ಒಂದು ಇರುತ್ತಲ್ಲ? ನಾಳೆ ತಂದ್ಕೊಡಿ."